ಆಫರ್‌ನಲ್ಲಿರುವ ರೋಡ್ ಬೈಕು ನಿಮಗೆ ಹೊಂದುತ್ತಾ? ಕೊಳ್ಳುವ ಮುಂಚೆ ಹೀಗೆ ನೋಡಿ

ಹೋದ ತಿಂಗಳು ಅಕ್ಕನ ಮಗಳು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದಳು. ಕಪ್ಪು ಬಣ್ಣದ ರೋಡ್ ಬೈಕು, ಅಂದರೆ ಬಾಗಿದ ಹ್ಯಾಂಡಲಿನ ಸೈಕಲ್. ಫ್ರೇಮಿಗೆ ಕಟ್ಟಿದ ಚೀಟಿಯಲ್ಲಿ 62,000 ಅಂತ ಬರೆದು, ಅಡ್ಡಗೆರೆ ಎಳೆದು, ಕೆಳಗೆ 40,000 ಅಂತ ಬರೆದಿದ್ದರು. "ಮಾಮ, ಭಾನುವಾರದವರೆಗೆ ಮಾತ್ರ ಅಂತೆ. ತಗೊಂಡುಬಿಡ್ಲಾ?"

ಅವಳು ಇದುವರೆಗೆ ತುಳಿದ ಸೈಕಲ್ ಅಂದರೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು ಒಂದೇ. ಈಗ ಬೆಂಗಳೂರಿನಲ್ಲಿ ಕೆಲಸ. ಆಫೀಸಿನ ಗೆಳತಿಯರು ರಜೆಯ ದಿನ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗುತ್ತಾರೆ. ಇವಳಿಗೂ ಹೋಗುವ ಆಸೆ.

ನಾನು ತಗೋ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಇಪ್ಪತ್ತೆರಡು ಸಾವಿರ ಯಾಕೆ ಬಿಡ್ತಿದ್ದಾರೆ, ಕೇಳಿದ್ಯಾ ಪುಟ್ಟಿ?" ಅಂದೆ. ಕೇಳಿರಲಿಲ್ಲ.

ಹೊಸದಾಗಿ ಸೈಕಲ್ ಶುರು ಮಾಡುವವರು ಮೊದಲು ಕೇಳಬೇಕಾದದ್ದು ಇದನ್ನೇ. ಯಾವ ಅಂಗಡಿಯವರೂ ಸುಮ್ನೆ ಬೆಲೆ ಇಳಿಸುವುದಿಲ್ಲ. ಇಳಿಸಿದ್ದಕ್ಕೆ ಏನೋ ಒಂದು ಕಾರಣ ಇರುತ್ತದೆ. ಆ ಕಾರಣ ನಿಮಗೆ ತಟ್ಟದಿದ್ದರೆ ಉಳಿದ ದುಡ್ಡೆಲ್ಲ ನಿಮ್ಮ ಲಾಭ. ತಟ್ಟಿದರೆ, ಅರ್ಧ ಬೆಲೆಗೆ ಕೊಟ್ಟರೂ ಅದು ದುಬಾರಿ.

ಮೊದಲು ಕಾರಣ ಹುಡುಕಿ

ಅಂಗಡಿಯಲ್ಲಿ ನೇರವಾಗಿ ಕೇಳಿ. ಹೆಚ್ಚಿನವರು ಮುಚ್ಚಿಡದೆ ಹೇಳುತ್ತಾರೆ.

"ಹೋದ ವರ್ಷದ ಮಾಡೆಲ್ಲು, ಈ ವರ್ಷ ಬಣ್ಣ ಬದಲಾಗಿದೆ" ಅಂದರೆ ಸಂತೋಷಪಡಿ. ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ. ಫ್ರೇಮು ಅದೇ, ಗೇರು ಅದೇ, ಸ್ಟಿಕ್ಕರು ಮಾತ್ರ ಬೇರೆ.

"ಗೇರ್ ಸೆಟ್ ಹಳೇದು" ಅಂದರೂ ಗಾಬರಿ ಬೇಡ. ಶಿಮಾನೊ ಕಂಪನಿಯ 105 ಗೇರ್ ಸೆಟ್ಟನ್ನೇ ನೋಡಿ. ಅದರಲ್ಲಿ ಬಹಳ ವರ್ಷ ಹಿಂದಿನ ಚಕ್ರಕ್ಕೆ 11 ಗೇರು ಇತ್ತು. 2022ರಲ್ಲಿ 12 ಗೇರಿನ ಎಲೆಕ್ಟ್ರಾನಿಕ್ ಸೆಟ್ ಬಂತು, 2023ರಲ್ಲಿ ಕೇಬಲ್ಲಿನದೂ 12 ಆಯಿತು. ಆಗ 11 ಗೇರಿನ ಸೈಕಲ್ಲುಗಳು ರಾತ್ರೋರಾತ್ರಿ ಹಳೆಯವಾದವು. ಆದರೆ ಅವುಗಳ ಗುಣ ಎಲ್ಲಿಗೂ ಹೋಗಿಲ್ಲ. ಹೊಸಬರಿಗೆ 11 ಆದರೇನು, 12 ಆದರೇನು?

"ಸ್ಟಾಕ್ ಜಾಸ್ತಿ ಇದೆ" ಅನ್ನುವುದೂ ನಿಜ ಇರಬಹುದು. 2020ರ ಲಾಕ್‌ಡೌನಿನಲ್ಲಿ ಜಗತ್ತಿನ ತುಂಬ ಸೈಕಲ್ಲಿಗೆ ಬೇಡಿಕೆ ಏರಿ ಅಂಗಡಿಗಳು ಖಾಲಿಯಾದವು. ಕಂಪನಿಗಳು ವಿಪರೀತ ಆರ್ಡರ್ ಕೊಟ್ಟವು. ಮಾಲು ಬಂದು ಬೀಳುವ ಹೊತ್ತಿಗೆ ಬೇಡಿಕೆ ಇಳಿದಿತ್ತು. 2022, 2023ರಲ್ಲಿ ಯುರೋಪಿನಿಂದ ಹಿಡಿದು ಇಲ್ಲಿಯವರೆಗೆ ದೊಡ್ಡ ದೊಡ್ಡ ಆಫರುಗಳು ಬಂದದ್ದು ಹಾಗೆ. ಇಂಥ ಸೈಕಲ್ ಆದರೆ ಎಷ್ಟು ದಿನದಿಂದ ಗೋಡೌನಿನಲ್ಲಿದೆ ಅಂತ ಮಾತ್ರ ನೋಡಿಕೊಳ್ಳಿ. ಡಬ್ಬದ ಲೇಬಲ್ಲಿನಲ್ಲಿ ತಿಂಗಳು, ವರ್ಷ ಇರುತ್ತದೆ.

"ಇದೊಂದೇ ಸೈಜು ಉಳಿದಿರೋದು" ಅಂದರೆ ಅಲ್ಲಿ ನಿಲ್ಲಿ. ಇದರ ಬಗ್ಗೆ ಮುಂದೆ ಜಾಸ್ತಿ ಹೇಳುತ್ತೇನೆ.

ಇನ್ನೊಂದು ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಕೆಲವು ಸೈಕಲ್ಲುಗಳ ಎಂಆರ್‌ಪಿಯನ್ನೇ ಎತ್ತರಕ್ಕೆ ಇಟ್ಟಿರುತ್ತಾರೆ. ಆ ಬೆಲೆಗೆ ಅದನ್ನು ಯಾರೂ ಎಂದೂ ಕೊಂಡಿರುವುದಿಲ್ಲ. ಅದೇ ಮಾಡೆಲ್ಲು ಬೇರೆ ಎರಡು ಮೂರು ಕಡೆ ಎಷ್ಟಕ್ಕಿದೆ ಅಂತ ಫೋನಿನಲ್ಲೇ ನೋಡಿ. ಎಲ್ಲ ಕಡೆ 42,000 ಇದ್ದರೆ ನಿಮಗೆ ಸಿಗುತ್ತಿರುವ ರಿಯಾಯಿತಿ ಎರಡು ಸಾವಿರ ಅಷ್ಟೇ, ಇಪ್ಪತ್ತೆರಡು ಸಾವಿರ ಅಲ್ಲ. ತೆರಿಗೆಯನ್ನೂ ಮರೆಯಬೇಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ಚೀಟಿಯಲ್ಲಿ 56,000 ಎಂಆರ್‌ಪಿ ಇದ್ದರೆ ಅದರೊಳಗೆ ಸೈಕಲ್ಲಿನ ಬೆಲೆ 50,000, ತೆರಿಗೆ 6,000. ಈಗಿನ ತೆರಿಗೆ ಸೇರಿಸಿದರೆ ಆಗುವುದು 52,500. ಅಂದರೆ ಮೊದಲ 3,500 ರೂಪಾಯಿ ಅಂಗಡಿಯವರು ಬಿಟ್ಟದ್ದಲ್ಲ.

ಎಲ್ಲಿ ತುಳಿಯುತ್ತೀರಿ?

ರೋಡ್ ಬೈಕು ಡಾಂಬರು ರಸ್ತೆಯಲ್ಲಿ ದೂರ ಹೋಗಲು ಇರುವ ಸೈಕಲ್. ಬೆಳಿಗ್ಗೆ ಎದ್ದು ಮೂವತ್ತು, ಐವತ್ತು ಕಿಲೋಮೀಟರ್ ಹೋಗಿ ಬರುವವರಿಗೆ ಅದರಷ್ಟು ಖುಷಿ ಕೊಡುವ ಸೈಕಲ್ ಇನ್ನೊಂದಿಲ್ಲ. ಆದರೆ ಆಫೀಸಿಗೆ ಬ್ಯಾಗ್ ಹಾಕಿಕೊಂಡು ಹೋಗಲು, ತರಕಾರಿ ತರಲು, ಮಣ್ಣುರಸ್ತೆಯಲ್ಲಿ ತೋಟಕ್ಕೆ ಹೋಗಲು ಅದು ಬೇಡ. ಅದಕ್ಕೆ ನೇರ ಹ್ಯಾಂಡಲಿನ ಹೈಬ್ರಿಡ್ ವಾಸಿ, ಬೆಲೆಯೂ ಕಡಿಮೆ. ಒಂದು ವಾರದಲ್ಲಿ ನೀವು ನಿಜವಾಗಿ ಎಲ್ಲೆಲ್ಲಿ ತುಳಿಯುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ಟ್ರಾಫಿಕ್ಕಿನ ಒಳಗೇ ಇದ್ದರೆ ಆಫರ್ ಎಷ್ಟೇ ಚೆನ್ನಾಗಿರಲಿ, ಇನ್ನೊಂದು ಸಲ ಯೋಚಿಸಿ.

ಮನೆಯಲ್ಲೇ ಅಳತೆ ತೆಗೆಯಿರಿ

ಅಂಗಡಿಗೆ ಹೋಗುವ ಮುಂಚೆ ಈ ಕೆಲಸ ಮುಗಿದಿರಬೇಕು. ಅಲ್ಲಿ ಹೋದಮೇಲೆ ಹೊಳೆಯುವ ಬಣ್ಣ ನೋಡಿ ಮನಸ್ಸು ವಾಲಿಬಿಡುತ್ತದೆ.

ಬೇಕಾದದ್ದು ಒಂದು ಟೇಪು, ಒಂದು ಪೆನ್ಸಿಲ್ಲು, ಗಟ್ಟಿ ರಟ್ಟಿನ ಒಂದು ಪುಸ್ತಕ, ಜೊತೆಗೆ ಒಬ್ಬರು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿ. ಕಾಲುಗಳ ನಡುವೆ ಒಂದು ಗೇಣು ಜಾಗ ಬಿಡಿ. ಪುಸ್ತಕವನ್ನು ತೊಡೆಗಳ ನಡುವೆ ಇಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ ಮೇಲಕ್ಕೆ ಒತ್ತಿ. ಸೈಕಲ್ ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಒತ್ತಬೇಕು. ಪುಸ್ತಕದ ಮೇಲಂಚು ಗೋಡೆಗೆ ಎಲ್ಲಿ ತಾಗುತ್ತದೋ ಅಲ್ಲಿ ಜೊತೆಗಿದ್ದವರು ಗೆರೆ ಹಾಕಲಿ. ನೆಲದಿಂದ ಆ ಗೆರೆಯವರೆಗಿನ ಎತ್ತರವೇ ನಿಮ್ಮ ಒಳಗಾಲಿನ ಅಳತೆ. ಮೂರು ಸಲ ತೆಗೆಯಿರಿ. ಪ್ಯಾಂಟಿನ ಅಳತೆಯನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇರುತ್ತದೆ.

ಈ ಒಂದು ಅಳತೆಯಿಂದ ಮೂರು ವಿಷಯ ಗೊತ್ತಾಗುತ್ತದೆ. ಸೆಂಟಿಮೀಟರಿನಲ್ಲಿ ಬಂದದ್ದನ್ನು 0.65ರಿಂದ ಗುಣಿಸಿದರೆ ಫ್ರೇಮಿನ ಸೈಜು ಅಂದಾಜು ಸಿಗುತ್ತದೆ. 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟು ಎತ್ತರ ಬೇಕು ಅಂತ ತಿಳಿಯುತ್ತದೆ. ಇನ್ನು ಫ್ರೇಮಿನ ಮೇಲಿನ ಅಡ್ಡ ಪೈಪು ನೆಲದಿಂದ ಈ ಅಳತೆಗಿಂತ ಒಂದೆರಡು ಸೆಂಟಿಮೀಟರಾದರೂ ಕೆಳಗಿರಬೇಕು. ಸಿಗ್ನಲ್ಲಿನಲ್ಲಿ ಇಳಿದು ಎರಡೂ ಕಾಲು ಊರಿದಾಗ ಪೈಪು ತಾಗಬಾರದು, ಅಲ್ವಾ?

ನಮ್ಮ ಹುಡುಗಿಯ ಎತ್ತರ 5 ಅಡಿ 3 ಇಂಚು. ಒಳಗಾಲಿನ ಅಳತೆ 74 ಸೆಂ.ಮೀ. ಬಂತು. 74ನ್ನು 0.65ರಿಂದ ಗುಣಿಸಿದರೆ 48 ಚಿಲ್ಲರೆ. ಅಂದರೆ 48 ಅಥವಾ 49 ಸೈಜು, ಕೆಲವು ಕಂಪನಿಗಳಲ್ಲಿ ಎಸ್, ಇನ್ನು ಕೆಲವದರಲ್ಲಿ ಎಕ್ಸ್‌ಎಸ್. ಫೋಟೊದಲ್ಲಿದ್ದ ಸೈಕಲ್ ಎಷ್ಟು ಅಂತ ಫೋನ್ ಮಾಡಿ ಕೇಳಿದಳು. 54. ಉಳಿದಿದ್ದದ್ದೇ ಅದೊಂದು.

"ಸೀಟು ಇಳಿಸಿ ಕೊಡ್ತೀವಿ, ಅಭ್ಯಾಸ ಆಗುತ್ತೆ ಅಂತಾರೆ ಮಾಮ" ಅಂದಳು.

ಈ ಅಭ್ಯಾಸದ ಮಾತು ನಮ್ಮಲ್ಲಿ ಬಹಳ ಹಳೆಯದು. ಅಪ್ಪನ ದೊಡ್ಡ ಸೈಕಲ್ಲಿಗೆ ಒಳಪೆಡಲ್ ಹಾಕಿ ಕಲಿತವರು ನಾವು. ಸೈಕಲ್ಲಿಗೆ ಮೈಯನ್ನು ಹೊಂದಿಸಿಕೊಂಡೇ ಬೆಳೆದವರು. ಆದರೆ ಅದು ಊರೊಳಗೆ ಹತ್ತು ನಿಮಿಷದ ಸವಾರಿ. ರೋಡ್ ಬೈಕಿನಲ್ಲಿ ಎರಡು ಮೂರು ಗಂಟೆ ಒಂದೇ ಭಂಗಿಯಲ್ಲಿ ಬಗ್ಗಿ ಕೂರುತ್ತೀರಿ. ಅಲ್ಲಿ ಎರಡು ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಕತ್ತು, ಸೊಂಟ, ಅಂಗೈ ಎಲ್ಲ ಮಾತಾಡುತ್ತವೆ.

ನನಗೆ ಇದು ಗೊತ್ತಾದದ್ದು ದುಡ್ಡು ಕೊಟ್ಟು. ನನ್ನ ಮೊದಲ ರೋಡ್ ಬೈಕು 56 ಸೈಜಿನದು. ನನಗೆ ಬೇಕಾಗಿದ್ದದ್ದು 52. ವರ್ಷಾಂತ್ಯದ ಸೇಲಿನಲ್ಲಿ ಅದೊಂದೇ ಉಳಿದಿತ್ತು. "ಸ್ಟೆಮ್ ಬದಲಾಯಿಸಿದ್ರೆ ಸರಿ ಹೋಗುತ್ತೆ ಸರ್" ಅಂದರು ಅಂಗಡಿಯವರು. ಹ್ಯಾಂಡಲನ್ನು ಫ್ರೇಮಿಗೆ ಜೋಡಿಸುವ ತುಂಡಿಗೆ ಸ್ಟೆಮ್ ಅನ್ನುತ್ತಾರೆ. 110 ಮಿ.ಮೀ. ಇದ್ದದ್ದನ್ನು ತೆಗೆದು 80ರದ್ದು ಹಾಕಿಸಿದೆ. ಹ್ಯಾಂಡಲ್ ಹತ್ತಿರ ಬಂತು, ನಿಜ. ಆದರೆ ತಿರುವಿನಲ್ಲಿ ಹ್ಯಾಂಡಲ್ ಚಂಚಲವಾಯಿತು, ಭಾರವೆಲ್ಲ ಅಂಗೈ ಮೇಲೇ ಉಳಿಯಿತು. ಮೂವತ್ತು ಕಿಲೋಮೀಟರ್ ದಾಟಿದರೆ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತಿದ್ದವು. ಮನೆಗೆ ಬಂದು ಶರ್ಟಿನ ಗುಂಡಿ ಬಿಚ್ಚಲು ಕಷ್ಟವಾಗುತ್ತಿತ್ತು. ಒಂದೂವರೆ ವರ್ಷ ತಡೆದುಕೊಂಡು ಕೊನೆಗೆ ಅರ್ಧ ಬೆಲೆಗೆ ಮಾರಿದೆ. ಆ ಒಂದೂವರೆ ವರ್ಷದಲ್ಲಿ ನಾನು ಎಷ್ಟು ಬೆಳಿಗ್ಗೆಗಳನ್ನು ಕಳೆದುಕೊಂಡೆ ಅನ್ನುವುದು ದುಡ್ಡಿಗಿಂತ ಹೆಚ್ಚಿನ ಬೇಜಾರು.

ಆದ್ದರಿಂದ ಸೈಜಿನ ವಿಷಯದಲ್ಲಿ ನನ್ನದು ಒಂದೇ ಮಾತು. ಒಂದು ಸೈಜು ಆಚೀಚೆ ಇದ್ದರೆ ತುಳಿದು ನೋಡಿ ತೀರ್ಮಾನಿಸಿ. ನನ್ನ 52, 56ರ ಹಾಗೆ ಎರಡು ಸೈಜು ಬೇರೆ ಇದ್ದರೆ ಅಂಗಡಿಯಿಂದ ಹೊರಗೆ ಬನ್ನಿ.

ರೇಸಿಗೋ, ದೂರದ ಸವಾರಿಗೋ?

ರೋಡ್ ಬೈಕಿನಲ್ಲೂ ಎರಡು ಜಾತಿ. ಒಂದು ರೇಸಿನದು, ಹ್ಯಾಂಡಲ್ ತಗ್ಗಿನಲ್ಲಿರುತ್ತದೆ. ಇನ್ನೊಂದು ಎಂಡ್ಯೂರೆನ್ಸ್, ಹ್ಯಾಂಡಲ್ ಸ್ವಲ್ಪ ಎತ್ತರ, ಸ್ವಲ್ಪ ಹತ್ತಿರ. ಜೈಂಟ್ ಕಂಪನಿಯ ಟಿಸಿಆರ್ ಮೊದಲನೆಯ ಜಾತಿ, ಡಿಫೈ ಎರಡನೆಯದು. ಟ್ರೆಕ್‌ನಲ್ಲಿ ಡೊಮಾನೆ ಎರಡನೆಯ ಜಾತಿಗೆ ಸೇರಿದ್ದು.

ಕಂಪನಿಯ ವೆಬ್‌ಸೈಟಿನಲ್ಲಿ ಪ್ರತಿ ಸೈಜಿಗೂ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಸ್ಟ್ಯಾಕ್, ರೀಚ್ ಅನ್ನುವ ಎರಡು ಅಂಕಿ ನೋಡಿ. ಪೆಡಲಿನ ಅಚ್ಚಿನಿಂದ ಫ್ರೇಮಿನ ಮುಂದಿನ ತುದಿ ಎಷ್ಟು ಮೇಲಿದೆ ಅನ್ನುವುದು ಸ್ಟ್ಯಾಕ್, ಎಷ್ಟು ಮುಂದಿದೆ ಅನ್ನುವುದು ರೀಚ್. 54 ಸೈಜಿನ ರೇಸ್ ಫ್ರೇಮಿನಲ್ಲಿ ಸ್ಟ್ಯಾಕ್ ಸುಮಾರು 540 ಮಿ.ಮೀ. ಇದ್ದರೆ ಎಂಡ್ಯೂರೆನ್ಸಿನಲ್ಲಿ 570, 580 ಇರುತ್ತದೆ. ಮೂರು ನಾಲ್ಕು ಸೆಂಟಿಮೀಟರ್ ಅಂದರೆ ಕಣ್ಣಿಗೆ ಏನೂ ಅಲ್ಲ. ಬೆನ್ನಿಗೆ ಬಹಳ. ಚೀಟಿಯ ಮೇಲಿನ 54, ಎಂ ಅನ್ನುವ ಗುರುತು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಈ ಎರಡು ಅಂಕಿಗಳ ಅರ್ಥ ಮಾತ್ರ ಎಲ್ಲ ಕಡೆ ಒಂದೇ.

ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿನ ಹುಚ್ಚು ಮೊದಲಿನಿಂದ ಇದೆ. ಅಲ್ಲಿನ ಹುಡುಗ ಹುಡುಗಿಯರು ಅಷ್ಟು ತಗ್ಗಿ ಕೂತು ನೂರು ಕಿಲೋಮೀಟರ್ ಹೊಡೆಯುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಅದು ಚಿಕ್ಕಂದಿನಿಂದ ಮಾಡಿದ ಸಾಧನೆ. ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂತ ಬೆನ್ನಿಗೆ ಮೊದಲ ದಿನವೇ ಅದನ್ನು ಕೇಳಬಾರದು. ಹೊಸಬರಿಗೆ ಎಂಡ್ಯೂರೆನ್ಸ್ ಜಾತಿಯೇ ಸರಿ. ಹದಿಮೂರೂವರೆ ಗಂಟೆಯೊಳಗೆ 200 ಕಿ.ಮೀ. ಮುಗಿಸಬೇಕಾದ ಬ್ರೆವೆ ಅನ್ನುವ ದೂರದ ಸವಾರಿಗಳಿಗೆ ಹೋಗುವವರಲ್ಲೂ ಎಷ್ಟೋ ಜನ ಇದನ್ನೇ ಇಟ್ಟುಕೊಂಡಿರುತ್ತಾರೆ.

ಗೇರಿನ ಹಲ್ಲು ಎಣಿಸಿ

"ಎಷ್ಟು ಗೇರು?" ಅಂತ ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು "ಅತಿ ಹಗುರದ ಗೇರು ಯಾವುದು?" ಅಂತ.

ಮುಂದಿನ ಚೈನ್‌ವೀಲುಗಳಲ್ಲಿ ಚಿಕ್ಕದಕ್ಕೆ ಎಷ್ಟು ಹಲ್ಲು, ಹಿಂದಿನ ಕ್ಯಾಸೆಟ್ಟಿನಲ್ಲಿ, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಚ್ಛದಲ್ಲಿ, ದೊಡ್ಡದಕ್ಕೆ ಎಷ್ಟು ಹಲ್ಲು ನೋಡಿ. ಸಾಮಾನ್ಯವಾಗಿ ಲೋಹದ ಮೇಲೇ ಸಣ್ಣದಾಗಿ ಕೊರೆದಿರುತ್ತಾರೆ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಮುಂದೆ 34, ಹಿಂದೆ 34 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ 2.1 ಮೀಟರ್ ಹೋಗುತ್ತದೆ. ಹಿಂದೆ 28 ಇದ್ದರೆ ಎರಡೂವರೆ ಮೀಟರ್. ಹಳೆಯ ರೇಸ್ ಸೈಕಲ್ಲಿನಂತೆ ಮುಂದೆ 39, ಹಿಂದೆ 25 ಇದ್ದರೆ ಹತ್ತಿರ ಹತ್ತಿರ 3.3 ಮೀಟರ್.

ಇದನ್ನು ನಂದಿ ಬೆಟ್ಟಕ್ಕೆ ಹಚ್ಚಿ ನೋಡೋಣ. ಬೆಟ್ಟದ ಎತ್ತರ 1,478 ಮೀಟರ್, ಬುಡದಿಂದ ಏಳು ಕಿಲೋಮೀಟರಿಗೂ ಹೆಚ್ಚು ಏರು, ತಿರುವಿನ ಮೇಲೆ ತಿರುವು. ಹೊಸಬರು ಅಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಹತ್ತಿದರೆ ದೊಡ್ಡದು. 34ಕ್ಕೆ 34 ಇದ್ದರೆ ನಿಮಿಷಕ್ಕೆ 60 ಸುತ್ತು ತುಳಿಯುತ್ತ ಏಳೂವರೆ ಕಿಲೋಮೀಟರ್ ವೇಗದಲ್ಲಿ ಏರಬಹುದು. ಉಸಿರು ಹಿಡಿತದಲ್ಲಿರುತ್ತದೆ. 39ಕ್ಕೆ 25 ಇದ್ದರೆ ಅದೇ 60 ಸುತ್ತಿಗೆ ಹನ್ನೆರಡು ಕಿಲೋಮೀಟರ್ ವೇಗ ಬೇಕು. ಅಷ್ಟು ಶಕ್ತಿ ಇಲ್ಲದಾಗ ಕಾಲು ನಿಧಾನವಾಗುತ್ತದೆ, ಪೂರ್ತಿ ಒತ್ತಡ ಮಂಡಿಗೆ ಬೀಳುತ್ತದೆ. ಮೂರನೇ ತಿರುವಿನಲ್ಲಿ ಇಳಿದು ತಳ್ಳಬೇಕಾಗುತ್ತದೆ.

ಹಾಗಾಗಿ ಮುಂದೆ 50 ಮತ್ತು 34, ಹಿಂದೆ ಕನಿಷ್ಠ 30, 32 ಇರುವುದನ್ನು ಹುಡುಕಿ. ಬರಿ ಬಯಲಿನಲ್ಲಿ ತುಳಿಯುವವರಿಗೆ 28 ಸಾಕು. ಮಡಿಕೇರಿ, ಚಿಕ್ಕಮಗಳೂರು, ಶಿರಸಿ ಕಡೆಯವರಾದರೆ 32ಕ್ಕಿಂತ ಕಡಿಮೆಗೆ ಒಪ್ಪಬೇಡಿ.

ಗೇರ್ ಸೆಟ್ಟಿನ ಹೆಸರು ಎರಡನೆಯ ಮಾತು. ಶಿಮಾನೊದಲ್ಲಿ ಬಹಳ ಸೈಕಲ್ಲುಗಳಲ್ಲಿ ಕಾಣುವ ಕ್ಲಾರಿಸ್ ಹಿಂದೆ 8 ಗೇರು, ಸೋರಾ 9, ಟಿಯಾಗ್ರಾ 10. ಹೊಸಬರಿಗೆ ಕ್ಲಾರಿಸ್ ಧಾರಾಳ ಸಾಕು. 8 ಗೇರಿನ ಚೈನು, ಕ್ಯಾಸೆಟ್ಟು ಅಗ್ಗ, ಊರೂರಲ್ಲಿ ಸಿಗುತ್ತದೆ. ಅದಕ್ಕಿಂತ ಕೆಳಗೆ 7 ಗೇರಿನ ಟೂರ್ನಿ ಬರುತ್ತದೆ. ಅದರ ಹಳೆಯ ಲಿವರುಗಳಲ್ಲಿ ಗೇರ್ ಬದಲಿಸುವ ಒಂದು ಗುಂಡಿ ಮೇಲ್ಗಡೆ ಹೆಬ್ಬೆರಳಿನ ಜಾಗದಲ್ಲಿರುತ್ತದೆ. ಹ್ಯಾಂಡಲಿನ ಕೆಳಗಿನ ಬಾಗು ಹಿಡಿದಿದ್ದಾಗ ಬೆರಳು ಅಲ್ಲಿಗೆ ಎಟುಕುವುದಿಲ್ಲ. ಬೆಲೆ ಬಹಳ ಕಡಿಮೆ ಇದ್ದರೆ ತೆಗೆದುಕೊಳ್ಳಬಹುದು, ಆದರೆ ಮುಂದೆ ಗೇರು ಮೇಲ್ದರ್ಜೆಗೆ ಏರಿಸುತ್ತೇನೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಆ ಖರ್ಚಿಗೆ ಇನ್ನೊಂದು ಸೈಕಲ್ಲೇ ಬರುತ್ತದೆ.

ಟೈರು, ಬ್ರೇಕು

ಟೈರಿನ ಪಕ್ಕದಲ್ಲಿ 700×25 ಅಥವಾ 700×28 ಅಂತ ಬರೆದಿರುತ್ತದೆ. ಕೊನೆಯ ಅಂಕಿ ಅಗಲ, ಮಿಲಿಮೀಟರಿನಲ್ಲಿ. ನಮ್ಮ ರಸ್ತೆಯ ಹಂಪು, ಗುಂಡಿಗಳಿಗೆ 28 ಬೇಕು, 32 ಆದರೆ ಇನ್ನೂ ಒಳ್ಳೆಯದು. ಅಗಲ ಟೈರಿಗೆ ಕಡಿಮೆ ಗಾಳಿ ಸಾಕು, ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಪಂಚರ್ ಆಗುವುದೂ ಕಡಿಮೆ. ರಿಯಾಯಿತಿಗೆ ಬರುವ ಹಳೆಯ ಮಾಡೆಲ್ಲುಗಳಲ್ಲಿ 25 ಅಥವಾ 23 ಇರಬಹುದು. ಅದು ತೊಂದರೆಯಲ್ಲ, ಟೈರು ಬದಲಿಸಬಹುದು. ಆದರೆ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಒಳಗೆ, ಬ್ರೇಕಿನ ಕೆಳಗೆ 28ರ ಟೈರು ಹಿಡಿಯುವಷ್ಟು ಜಾಗ ಇದೆಯಾ ಅಂತ ಬಗ್ಗಿ ನೋಡಿ. ಜಾಗ ಇಲ್ಲದಿದ್ದರೆ ಬದಲಿಸಲು ದಾರಿಯೇ ಇಲ್ಲ.

ಬ್ರೇಕಿನಲ್ಲಿ ಡಿಸ್ಕು ಮಳೆಗೆ ಒಳ್ಳೆಯದು. ಕರಾವಳಿ, ಮಲೆನಾಡಿನವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಆಯಿಲ್ಲಿನ ಡಿಸ್ಕ್ ಬ್ರೇಕಿಗೆ ಗಾಳಿ ಸೇರಿಕೊಂಡರೆ ತೆಗೆಯುವವರು ನಿಮ್ಮ ಊರಿನಲ್ಲಿ ಇದ್ದಾರಾ? ಇಲ್ಲದಿದ್ದರೆ ಕೇಬಲ್ಲಿನ ಡಿಸ್ಕು ನೋಡಿ. ಈಗ ಚಕ್ರದ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನ ಸೈಕಲ್ಲುಗಳಿಗೇ ಜಾಸ್ತಿ ರಿಯಾಯಿತಿ, ಯಾಕೆಂದರೆ ಕಂಪನಿಗಳೆಲ್ಲ ಡಿಸ್ಕಿನ ಕಡೆ ಹೊರಳಿವೆ. ಒಣ ಬಯಲು ಸೀಮೆಯಲ್ಲಿ ತುಳಿಯುವವರಿಗೆ ರಿಮ್ ಬ್ರೇಕು ಸಾಲುತ್ತದೆ, ಬೀದಿಕೊನೆಯ ಸೈಕಲ್ ಶಾಪಿನವರೂ ರಿಪೇರಿ ಮಾಡಬಲ್ಲರು. ಬೆಲೆ ಇಳಿದ ಕಾರಣ ನಿಮಗೆ ತಟ್ಟದಿರುವುದು ಅಂದರೆ ಇದೇ.

ಯಾವ ಲಿವರು ಯಾವ ಚಕ್ರಕ್ಕೆ ಅಂತಲೂ ಒತ್ತಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು. ಹೊರದೇಶದ ಕೆಲವು ಸೈಕಲ್ಲುಗಳಲ್ಲಿ ಉಲ್ಟಾ ಇರುತ್ತದೆ. ಕೈ ಚಿಕ್ಕದಿದ್ದವರು ಲಿವರು ಬೆರಳಿಗೆ ಎಟುಕುತ್ತದಾ ನೋಡಿಕೊಳ್ಳಿ. ಹೆಚ್ಚಿನವುಗಳಲ್ಲಿ ಹತ್ತಿರ ತರಲು ಒಂದು ಸ್ಕ್ರೂ ಇದೆ, ಕೇಳಿ ಮಾಡಿಸಿ.

ಡಿಸ್‌ಪ್ಲೇ ಸೈಕಲ್ ಆದರೆ

ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತ ಸೈಕಲ್ಲನ್ನು, ಹತ್ತಾರು ಜನ ಟೆಸ್ಟ್ ರೈಡ್ ಮಾಡಿದ ಸೈಕಲ್ಲನ್ನು ಸೆಕೆಂಡ್ ಹ್ಯಾಂಡ್ ಅಂತಲೇ ತಿಳಿದು ನೋಡಬೇಕು.

ಮುಂದಿನ ಚಕ್ರ ಎತ್ತಿ ತಿರುಗಿಸಿ. ಹೆಬ್ಬೆರಳನ್ನು ಫೋರ್ಕಿಗೆ ಊರಿ, ಉಗುರನ್ನು ರಿಮ್ಮಿನ ಹತ್ತಿರ ಕೂದಲೆಳೆ ಅಂತರದಲ್ಲಿ ಹಿಡಿಯಿರಿ. ಕಡ್ಡಿಗಳಿಂದ ದೂರ ಇರಲಿ. ಚಕ್ರ ನೆಟ್ಟಗಿದ್ದರೆ ಆ ಅಂತರ ಸುತ್ತು ಪೂರ್ತಿ ಒಂದೇ ಸಮ ಇರುತ್ತದೆ. ಬೆಂಡ್ ಇದ್ದರೆ ಪ್ರತಿ ಸುತ್ತಿಗೂ ಒಂದು ಜಾಗದಲ್ಲಿ ರಿಮ್ಮು ಬಂದು ಉಗುರಿಗೆ ಟಕ್ ಅಂತ ತಾಗುತ್ತದೆ. ಸಣ್ಣ ಬೆಂಡ್ ತೆಗೆಯುವುದು ಹತ್ತು ನಿಮಿಷದ ಕೆಲಸ, ಕೊಡುವ ಮುಂಚೆ ತೆಗೆಸಿಕೊಳ್ಳಿ.

ಆಮೇಲೆ ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ. ಹ್ಯಾಂಡಲಿನ ಬುಡದಲ್ಲಿ ಕಟಕಟ ಅಂದರೆ ಬೇರಿಂಗು ಸಡಿಲ. ಪೆಡಲಿನ ತೋಳನ್ನು ಅಡ್ಡಡ್ಡ ಎಳೆದು ನೋಡಿ, ಅಲುಗಬಾರದು. ಹಿಂದಿನಿಂದ ನೋಡಿದಾಗ ಗೇರ್ ಬದಲಿಸುವ ಡಿರೈಲರ್ ಕೆಳಗೆ ನೇರವಾಗಿ ನೇತಾಡಬೇಕು. ಒಳಗೆ ವಾಲಿದ್ದರೆ ಸೈಕಲ್ ಎಲ್ಲೋ ಬಿದ್ದಿದೆ ಅಂತ ಅರ್ಥ. ಟೈರಿನ ಪಕ್ಕಗಳನ್ನು ಬೆರಳಿನಿಂದ ಒತ್ತಿ, ಸಣ್ಣ ಸಣ್ಣ ಬಿರುಕು ಕಂಡರೆ ರಬ್ಬರು ಒಣಗಿದೆ, ಹೊಸ ಟೈರು ಕೇಳಿ. ಚೈನು ಸವೆದಿದೆಯಾ ಅಂತ ಸ್ಕೇಲಿನಲ್ಲೇ ನೋಡಬಹುದು. ಹೊಸ ಚೈನಿನಲ್ಲಿ ಸ್ಕೇಲನ್ನು ಒಂದು ಪಿನ್ನಿಗೆ ಇಟ್ಟು, ಅದನ್ನು ಬಿಟ್ಟು ಮುಂದಿನದರಿಂದ ಎಣಿಸಿದರೆ ಇಪ್ಪತ್ತನಾಲ್ಕನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನು ಬದಲಿಸುವ ಹೊತ್ತು ಬಂದಿದೆ.

ಕಾರ್ಬನ್ ಫ್ರೇಮಾದರೆ ಗೀರು, ಬಿರುಕುಗಳನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ. ಅನುಮಾನ ಬಂದರೆ ಬಿಟ್ಟುಬಿಡಿ. ಮೊದಲ ಸೈಕಲ್ಲಿಗೆ ಅಲ್ಯೂಮಿನಿಯಂ ಫ್ರೇಮು, ಕಾರ್ಬನ್ ಫೋರ್ಕು ಇದ್ದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ತುಳಿಯದೆ ದುಡ್ಡು ಕೊಡಬೇಡಿ

ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಸೀಟನ್ನು ನಿಮ್ಮ ಲೆಕ್ಕದ ಎತ್ತರಕ್ಕೆ ಏರಿಸಿ, ಕಾಲು ಗಂಟೆಯಾದರೂ ತುಳಿಯಿರಿ. ಬ್ರೇಕ್ ಲಿವರಿನ ಮೇಲೆ ಕೈ ಇಟ್ಟಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಕೈ ಸೆಟೆದು ನಿಂತಿದ್ದರೆ, ಭುಜ ಕಿವಿಯ ಕಡೆ ಏರಿದ್ದರೆ ಸೈಕಲ್ ನಿಮಗೆ ಉದ್ದ. ಖಾಲಿ ಜಾಗದಲ್ಲಿ ನಿಧಾನವಾಗಿ ಪೂರ್ತಿ ತಿರುವು ತೆಗೆದುಕೊಳ್ಳಿ. ಚಿಕ್ಕ ಫ್ರೇಮುಗಳಲ್ಲಿ ಕಾಲಿನ ತುದಿ ಮುಂದಿನ ಚಕ್ರಕ್ಕೆ ತಾಗುವುದುಂಟು. ತಾಗಿದರೂ ತುಳಿಯಬಹುದು, ಆದರೆ ಅದು ಮೊದಲೇ ಗೊತ್ತಿರಬೇಕು, ಸಿಗ್ನಲ್ಲಿನಲ್ಲಿ ಬಿದ್ದು ಗೊತ್ತಾಗಬಾರದು. ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ. ಒಂದು ಸಣ್ಣ ಏರು ಸಿಕ್ಕರೆ ಹತ್ತಿ.

ಟೆಸ್ಟ್ ರೈಡ್ ಕೊಡುವುದಿಲ್ಲ, ವಾಪಸ್ಸೂ ತೆಗೆದುಕೊಳ್ಳುವುದಿಲ್ಲ ಅಂದರೆ ನಾನು ಕೊಳ್ಳುವುದಿಲ್ಲ. ಆನ್‌ಲೈನಿನಲ್ಲಿ ತರಿಸುವವರು ಅದೇ ಮಾಡೆಲ್ಲು, ಅದೇ ಸೈಜಿನದನ್ನು ಎಲ್ಲಾದರೂ ಒಮ್ಮೆ ಹತ್ತಿ ನೋಡಿ.

ಕೊನೆಗೆ ಪೂರ್ತಿ ಲೆಕ್ಕ

ಸೈಕಲ್ಲಿನ ಬೆಲೆ ಚೀಟಿಯಲ್ಲಿ ಮುಗಿಯುವುದಿಲ್ಲ. ಸ್ವಲ್ಪ ಹೆಚ್ಚು ಬೆಲೆಯ ರೋಡ್ ಬೈಕುಗಳಿಗೆ ಎಷ್ಟೋ ಸಲ ಪೆಡಲೇ ಇರುವುದಿಲ್ಲ. ಹೆಲ್ಮೆಟ್, ಮುಂದೆ ಹಿಂದೆ ಲೈಟು, ನೆಲದ ಪಂಪು, ಎರಡು ಟ್ಯೂಬು, ಟೈರ್ ಲಿವರು, ಅಲೆನ್ ಕೀ ಸೆಟ್ಟು, ಬೀಗ, ನೀರಿನ ಬಾಟಲಿ ಇವೆಲ್ಲ ಸೇರಿ ಎಂಟರಿಂದ ಹತ್ತು ಸಾವಿರ ಬೇಕು. ಇದಕ್ಕೆ ಬದಲಿಸಲೇಬೇಕಾದ ಭಾಗಗಳನ್ನು ಸೇರಿಸಿ: ಟೈರು, ಸ್ಟೆಮ್ಮು, ಕ್ಯಾಸೆಟ್ಟು. ಈ ಮೊತ್ತವನ್ನು ಸರಿಯಾದ ಸೈಜಿನ, ರಿಯಾಯಿತಿ ಇಲ್ಲದ ಒಂದು ಸೈಕಲ್ಲಿನ ಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಉಳಿತಾಯ ಎರಡು ಮೂರು ಸಾವಿರಕ್ಕೆ ಬಂದು ನಿಂತಿರುತ್ತದೆ.

ಬೆಲೆ ಇನ್ನೂ ಇಳಿಸಿ ಅಂತ ಚೌಕಾಸಿ ಮಾಡುವುದಕ್ಕಿಂತ ಪೆಡಲು, ಬಾಟಲಿ ಸ್ಟ್ಯಾಂಡು, ಒಂದು ವರ್ಷದ ಸರ್ವಿಸು ಕೇಳಿ. ಅದನ್ನು ಸುಲಭವಾಗಿ ಕೊಡುತ್ತಾರೆ. ಪೆಡಲಿನ ಅಚ್ಚಿನ ಕೆಳಗೆ ಸಾಮಾನ್ಯವಾಗಿ ಫ್ರೇಮ್ ನಂಬರು ಕೊರೆದಿರುತ್ತದೆ. ಅದು ಬಿಲ್ಲಿನಲ್ಲಿ ಬರಬೇಕು. ಆಫರ್ ಮಾಲಿಗೂ ಫ್ರೇಮ್ ವಾರಂಟಿ ಇದೆಯಾ ಅಂತ ಕೇಳಿ, ಬರೆಸಿಕೊಳ್ಳಿ.

ಆ ಕಪ್ಪು ಸೈಕಲ್ಲನ್ನು ನಮ್ಮ ಹುಡುಗಿ ಬಿಟ್ಟಳು. ಭಾನುವಾರ ಕಳೆಯಿತು, ಬುಧವಾರವೂ ಅದೇ ಆಫರ್ ಇತ್ತು. ಮೂರು ವಾರದ ಮೇಲೆ ಇನ್ನೊಂದು ಅಂಗಡಿಯಲ್ಲಿ 49 ಸೈಜಿನ ಎಂಡ್ಯೂರೆನ್ಸ್ ಸೈಕಲ್ ಸಿಕ್ಕಿತು. ಕ್ಲಾರಿಸ್ ಗೇರು, ಹಿಂದೆ 32 ಹಲ್ಲು, 28ರ ಟೈರು. ರಿಯಾಯಿತಿ ಆರು ಸಾವಿರ. ಕಾರಣ ಕೇಳಿದ್ದಕ್ಕೆ, "ಈ ಕಿತ್ತಳೆ ಬಣ್ಣ ಯಾರೂ ಇಷ್ಟಪಡ್ತಿಲ್ಲ ಮೇಡಂ" ಅಂದರು. ಅವಳಿಗೂ ಅಷ್ಟೇನೂ ಇಷ್ಟವಾಗಲಿಲ್ಲ, ಆದರೂ ಕೊಂಡಳು. ಅವಳ ಒಳಗಾಲಿನ ಲೆಕ್ಕದಂತೆ 65 ಸೆಂಟಿಮೀಟರಿಗೆ ಸೀಟು ನಿಲ್ಲಿಸಿ, ಸೀಟಿನ ಕಂಬಕ್ಕೆ ಆ ಮಟ್ಟದಲ್ಲಿ ಒಂದು ಸುತ್ತು ಕಪ್ಪು ಟೇಪು ಸುತ್ತಿಕೊಟ್ಟಿದ್ದೇನೆ. ಈಗ ಬೆಳಿಗ್ಗೆ ಹದಿನೈದು ಕಿಲೋಮೀಟರ್ ತುಳಿಯುತ್ತಿದ್ದಾಳೆ. ಮುನ್ನೂರು ಕಿಲೋಮೀಟರ್ ಆಗುವ ಹೊತ್ತಿಗೆ ಹೊಸ ಕೇಬಲ್ಲುಗಳು ಸಡಿಲವಾಗಿರುತ್ತವೆ. ಅದನ್ನು ಬಿಗಿ ಮಾಡಿಸಿಕೊಂಡೇ ನಂದಿಗೆ ಹೋಗು ಅಂದಿದ್ದೇನೆ.